ಏರ್ ರೈಫಲ್ ಬಾಯಿಗೆ ಟ್ಯೂಬ್ ಹಾಕುವ ಮುಂಚೆ

ದಾವಣಗೆರೆಯಲ್ಲಿ ಶೀಟ್ ಛಾವಣಿಯ ಹಾಲ್‌ನಲ್ಲಿ 10 ಮೀಟರ್ ಅಭ್ಯಾಸ ಮಾಡುವವರು ಸದ್ದು ಕಡಿಮೆ ಮಾಡಲು ಮೊದಲು ಬ್ಯಾರೆಲ್ ಬಾಯಿಯತ್ತ ನೋಡುತ್ತಾರೆ, ಅಲ್ಲಿಗೊಂದು ಟ್ಯೂಬ್, ಅಂದರೆ ತುದಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಹಾಕಲು ಹೊರಡುತ್ತಾರೆ. ಮೊದಲು ನೋಡಬೇಕಾದದ್ದು ಟಾರ್ಗೆಟ್ ಹಿಂದಿನ ತಗಡನ್ನು.

ಮ್ಯಾಚ್ (ಸ್ಪರ್ಧೆಯ) ರೈಫಲ್ಲಿನ 4.5 ಮಿ.ಮೀ. ಪೆಲೆಟ್, ಅಂದರೆ ಸೀಸದ ಚಿಕ್ಕ ಗುಂಡು, ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ, ಅಂದರೆ ಶಬ್ದದ ವೇಗದ ಅರ್ಧ, ಆ ವೇಗ ಮೀರಿದಾಗ ಕೇಳುವ ಸಿಡಿತ ಇಲ್ಲಿರದು. ಹಾಗಾಗಿ ಸದ್ದು ಬರುವುದು ಮೂರೇ ಕಡೆಯಿಂದ: ಬಾಯಿಂದ ನುಗ್ಗುವ ಗಾಳಿ, ಒಳಗಿನ ಹ್ಯಾಮರ್ ಅಥವಾ ಪಿಸ್ಟನ್, ಪೆಲೆಟ್ ತಗಡಿಗೆ ಬಡಿಯುವುದು. ಟ್ಯೂಬ್ ತಗ್ಗಿಸುವುದು ಮೊದಲನೆಯದನ್ನು ಮಾತ್ರ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪಿಸ್ಟನ್ ಬಡಿತವೇ ಜೋರು, ಅಲ್ಲಿ ಟ್ಯೂಬಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಗಟ್ಟಿ ತಗಡಿನ ಮುಂದೆ ಒಣಗಿ ಗಟ್ಟಿಯಾಗದ ಪುಟ್ಟಿಯನ್ನು ದಪ್ಪಗೆ ಮೆತ್ತಿ, ಗೋಡೆಗೆ ಸೆಣಬಿನ ಚೀಲ ತೂಗುಹಾಕಿದರೆ ಹಾಲ್‌ನ ಗದ್ದಲ ಅಲ್ಲೇ ಇಳಿಯುತ್ತದೆ.

ಇನ್ನು ಗುರಿ. ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ವೃತ್ತದ ಅಗಲ ಬರೀ 0.5 ಮಿ.ಮೀ. ಪೆಲೆಟ್ ಬಾಯಿ ದಾಟುವಾಗ ಅದರ ಹಿಂದಿನ ಗಾಳಿ ಮುಂದೆ ನುಗ್ಗಿ ಪೆಲೆಟ್ಟಿನ ಅಂಚಿಗೆ ಬಡಿಯುತ್ತದೆ. ಬ್ಯಾರೆಲ್ ತುದಿಯ ಅಂಚು ಸಮವಾಗಿಲ್ಲದಿದ್ದರೆ ಈ ತಳ್ಳು ಒಂದೇ ಕಡೆ ಬಿದ್ದು ಪೆಲೆಟ್ ಓಲಾಡುತ್ತದೆ. ಇದನ್ನು ಯಾವ ಟ್ಯೂಬೂ ಸರಿಮಾಡದು. ಟ್ಯೂಬಿನ ನಿಜವಾದ ಉಪಯೋಗ ಎರಡು: ಗುರಿ ಹಿಡಿಯುವ ಮುಂದಿನ ಸೈಟ್ ಕಣ್ಣಿನಿಂದ ದೂರ ಹೋಗುತ್ತದೆ, ಬಾಯಿಯ ಕಡೆ ತೂಕ ಬಂದು ಕೈ ಅಲುಗುವುದು ನಿಧಾನವಾಗುತ್ತದೆ. ಸ್ಪರ್ಧೆಗೆ ಹೋಗುವವರು ತೂತು ಕೊರೆದ ಟ್ಯೂಬ್ ತರಬೇಡಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ಅದಕ್ಕೂ, ಬಾಯಿಯ ಗಾಳಿಯನ್ನು ಪಕ್ಕಕ್ಕೆ ಬಿಡುವ ಮಜಲ್ ಬ್ರೇಕಿಗೂ ಅವಕಾಶವಿಲ್ಲ. ರೈಫಲ್ಲಿನ ಒಟ್ಟು ತೂಕವೂ 5.5 ಕೆ.ಜಿ. ಮೀರಬಾರದು.

ಕೂರಿಸುವಾಗ ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಗಾಳಿಯ ಸಿಲಿಂಡರ್ ಇದ್ದರೆ ಬಿಚ್ಚಿಡಿ. ಬ್ಯಾರೆಲ್ಲಿನ ಎಣ್ಣೆ ಒರೆಸಿ, ಟ್ಯೂಬನ್ನು ಕೊನೆಯವರೆಗೂ ತಳ್ಳಿ, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಬ್ಯಾರೆಲ್ ತುದಿಯ ಮೇಲೆ ಒತ್ತಡ ಬಿದ್ದು ಗ್ರೂಪ್ (ಟಾರ್ಗೆಟ್ ಮೇಲೆ ಬಿದ್ದ ಹೊಡೆತಗಳ ಗುಂಪು) ಹರಡುತ್ತದೆ. ಸಡಿಲ ಬಿಟ್ಟರೆ, ಅದರಲ್ಲೂ ಸ್ಪ್ರಿಂಗ್ ರೈಫಲ್ಲಿನಲ್ಲಿ, ಹೊಡೆದಂತೆಲ್ಲ ಟ್ಯೂಬ್ ಜರುಗುತ್ತದೆ.

ಐದು ಹೊಡೆತ ಟ್ಯೂಬ್ ಇಲ್ಲದೆ, ಐದು ಟ್ಯೂಬ್ ಸಹಿತ, ಆಸರೆ ಇಟ್ಟು ಹೊಡೆದು ನೋಡಿ. ಇಡೀ ಗ್ರೂಪ್ ಪಕ್ಕಕ್ಕೆ ಸರಿದಿದ್ದರೆ ಹೆದರಬೇಡಿ, ತೂಕ ಬದಲಾದಾಗ ಹಾಗಾಗುವುದು ಸಹಜ, ಸೈಟ್ ತಿರುಗಿಸಿದರೆ ಸಾಕು. ಆದರೆ ನಾಲ್ಕು ಒಟ್ಟಿಗಿದ್ದು ಒಂದು ಮಾತ್ರ ದೂರ ಹೋಗುತ್ತಿದ್ದರೆ ಟ್ಯೂಬ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ. ಒಂದೇ ಪಕ್ಕದಲ್ಲಿ ಬೂದುಬಣ್ಣದ ಸೀಸದ ಗೆರೆ ಕಂಡರೆ ಪೆಲೆಟ್ ಟ್ಯೂಬಿಗೆ ತಾಗುತ್ತಿದೆ ಎಂದರ್ಥ. ಗೆರೆ ಒರೆಸಿ, ಟ್ಯೂಬನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಹೊಡೆದು ನೋಡಿ. ಹೊಸ ಗೆರೆಯೂ ಟ್ಯೂಬಿನ ಅದೇ ಪಕ್ಕದಲ್ಲಿ ಬಿದ್ದರೆ ದೋಷ ಟ್ಯೂಬಿನದು, ಅದನ್ನು ವಾಪಸ್ ಕೊಡಿ.