ಜೆಂಟೂ ಮತ್ತು ಸಿದ್ಧ ಬೈನರಿಗಳು: ಎಷ್ಟರ ಮಟ್ಟಿಗೆ ಸಾಧ್ಯ?

ಕಂಪೈಲ್ ಮಾಡಿಟ್ಟ ಸಿದ್ಧ ಪ್ಯಾಕೇಜುಗಳನ್ನು, ಅಂದರೆ ಬೈನರಿಗಳನ್ನು, ದೊಡ್ಡ ಪ್ರಮಾಣದಲ್ಲಿ ತನ್ನ ಮಿರರ್‌ಗಳ (ಕಡತಗಳ ಪ್ರತಿ ಇಟ್ಟು ಹಂಚುವ ಸರ್ವರ್‌ಗಳ) ಮೂಲಕ ಒದಗಿಸುವುದಾಗಿ ಜೆಂಟೂ ಲಿನಕ್ಸ್ 2023ರ ಡಿಸೆಂಬರ್ 29ರಂದು ಪ್ರಕಟಿಸಿತು. ಬಳಕೆದಾರರೇ ತಮ್ಮ ತಂತ್ರಾಂಶವನ್ನು ಸೋರ್ಸ್‌ನಿಂದ (ಮೂಲ ಸಂಕೇತದಿಂದ) ಕಟ್ಟಿಕೊಳ್ಳಬೇಕೆಂಬ ತತ್ತ್ವದ ಮೇಲೆ ಬೆಳೆದ ಡಿಸ್ಟ್ರೋ (ಲಿನಕ್ಸ್ ವಿತರಣೆ) ಅದನ್ನೇ ಕೈಬಿಟ್ಟಿತೇ ಎಂಬ ಅನುಮಾನ ಸಹಜ. ಆದರೆ ಈ ವ್ಯವಸ್ಥೆ ನಡೆಯುತ್ತಿರುವುದೇ ಆ ತತ್ತ್ವದ ಬಲದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಗ್ರಹಕ್ಕೆ ಬೇಕಾದ ಜಾಗ ಇಲ್ಲಿ ದೊಡ್ಡ ತೊಡಕಲ್ಲ. ಪ್ರಕಟಣೆಯ ಹೊತ್ತಿಗೆ ಮಿರರ್‌ಗಳಲ್ಲಿದ್ದ ಪ್ಯಾಕೇಜುಗಳ ಗಾತ್ರ 20 ಗಿಗಾಬೈಟ್‌ಗಿಂತ ತುಸು ಹೆಚ್ಚಾಗಿತ್ತು, ಅಷ್ಟೆ. ನಿಜವಾದ ತೊಡಕು ಯೂಸ್ ಫ್ಲಾಗ್‌ಗಳದು, ಅಂದರೆ ಪ್ಯಾಕೇಜಿನ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂದು ಬಳಕೆದಾರರು ಆರಿಸುವ ಆಯ್ಕೆಗಳದು. ಒಂದು ಪ್ಯಾಕೇಜಿಗೆ ಒಂದನ್ನೊಂದು ಅವಲಂಬಿಸದ ಹತ್ತು ಫ್ಲಾಗ್‌ಗಳಿದ್ದರೆ ಅದನ್ನು 1,024 ಬಗೆಯಲ್ಲಿ ಕಟ್ಟಬಹುದು, ಅಷ್ಟನ್ನೂ ಕಟ್ಟಿಡಲು ಯಾವ ಸರ್ವರಿಗೂ ಆಗದು. ಆದ್ದರಿಂದ ಪ್ರೊಫೈಲ್‌ಗಳ (ಜೆಂಟೂ ಸಿದ್ಧಪಡಿಸಿಟ್ಟ ಸಂಯೋಜನೆಗಳ) ಪೂರ್ವನಿಯೋಜಿತ ಆಯ್ಕೆಗಳಿಗೆ ಮಾತ್ರ ಬೈನರಿ ಕಟ್ಟಿ, ಬಳಕೆದಾರರ ಫ್ಲಾಗ್‌ಗಳು ಅದಕ್ಕೆ ಹೊಂದದಿದ್ದಾಗ ಜೆಂಟೂವಿನ ಪ್ಯಾಕೇಜ್ ನಿರ್ವಾಹಕವಾದ ಪೋರ್ಟೇಜ್ ಆ ಒಂದು ಪ್ಯಾಕೇಜನ್ನು ಮಾತ್ರ ಸೋರ್ಸ್‌ನಿಂದ ಕಟ್ಟುವಂತೆ ಮಾಡಲಾಗಿದೆ. ಸಿದ್ಧ ಬೈನರಿಗಳನ್ನಷ್ಟೇ ನೆಚ್ಚಿಕೊಂಡ ಡಿಸ್ಟ್ರೋಗೆ ಈ ಅನುಕೂಲವಿಲ್ಲ. ನಾಲ್ಕು ಗಿಗಾಬೈಟ್ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಕ್ಯೂಟಿ ವೆಬ್‌ಎಂಜಿನ್‌ನಂಥ ಭಾರೀ ಬ್ರೌಸರ್ ಎಂಜಿನ್ ಕಟ್ಟಲು ಹೊರಟವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಯಾವ ಪ್ರೊಸೆಸರಿಗೆ ಹೊಂದುವಂತೆ ಕಟ್ಟಬೇಕೆಂಬ ಪ್ರಶ್ನೆಯೂ ಬಹುಮಟ್ಟಿಗೆ ಬಗೆಹರಿದಿದೆ: ಮೊದಲು ಎಲ್ಲ 64-ಬಿಟ್ ಎಕ್ಸ್86 ಯಂತ್ರಗಳಲ್ಲೂ ಓಡುವ ಬೈನರಿಗಳಷ್ಟೇ ಇದ್ದವು, 2024ರ ಫೆಬ್ರವರಿಯಲ್ಲಿ ಈಚಿನ ಪ್ರೊಸೆಸರುಗಳ ಹೆಚ್ಚುವರಿ ಸಾಮರ್ಥ್ಯವನ್ನು ಬಳಸುವ ಎಕ್ಸ್86-64-ವಿ3 ಮಟ್ಟದವೂ ಬಂದವು.

ನಿರಂತರ ಶ್ರಮ ಬೇಡುವುದು ಲೈಬ್ರರಿಗಳ ಹೊಂದಾಣಿಕೆ. ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ಐಸಿಯು ಲೈಬ್ರರಿಯ ಹೊಸ ಆವೃತ್ತಿ ಬಂದರೆ ಅದನ್ನು ಅವಲಂಬಿಸಿದ ಲಿಬ್ರೆಆಫೀಸ್, ವೆಬ್‌ಕಿಟ್ ಮುಂತಾದವನ್ನೆಲ್ಲ ಮರಳಿ ಕಟ್ಟಬೇಕಾಗುತ್ತದೆ. ಹಳೆಯ ಐಸಿಯುಗೆ ಲಿಂಕ್ ಆದ ಬೈನರಿ ಹೊಸದರೊಂದಿಗೆ ಕೆಲಸ ಮಾಡದು. ಹೀಗಾಗಿ ಕಟ್ಟುವ ಯಂತ್ರಗಳು ಬಿಡುವಿಲ್ಲದೆ ದುಡಿಯುತ್ತಿರಬೇಕು, ಅವನ್ನು ನೋಡಿಕೊಳ್ಳುವ ಸ್ವಯಂಸೇವಕರೂ ಬೇಕು. ಸಣ್ಣ ಡಿಸ್ಟ್ರೋಗಳು ಇಂಥ ಯೋಜನೆಗೆ ಕೈಹಾಕುವ ಮೊದಲು ಡಿಸ್ಕಿನ ಖರ್ಚಿಗಿಂತ ಹೆಚ್ಚಾಗಿ ಈ ದುಡಿಮೆಯ ಲೆಕ್ಕ ಹಾಕಿಕೊಳ್ಳಬೇಕು. ಹಳೆಯದನ್ನು ಅಳಿಸದೆ ಉಳಿಸಿಕೊಳ್ಳುತ್ತ ಬಂದ ನಿಕ್ಸ್‌ಓಎಸ್ ಎಂಬ ಇನ್ನೊಂದು ಡಿಸ್ಟ್ರೋದ ಸಂಗ್ರಹ ಮಾತ್ರ ನೂರಾರು ಟೆರಾಬೈಟ್‌ಗೆ ಬೆಳೆದಿದೆ. ಅಲ್ಲಿ ಜಾಗದ ಖರ್ಚೂ ಗಂಭೀರವೇ.

ಪರವಾನಗಿಯ ಕಾರಣಕ್ಕೆ ಕೆಲವು ಪ್ಯಾಕೇಜುಗಳನ್ನು ಬೈನರಿ ರೂಪದಲ್ಲಿ ಹಂಚಲು ಬಾರದು. ಅಂಥವುಗಳ ಇಬಿಲ್ಡ್‌ಗಳಲ್ಲಿ (ಪ್ಯಾಕೇಜು ಕಟ್ಟುವ ಬಗೆಯನ್ನು ಹೇಳುವ ಕಡತಗಳಲ್ಲಿ) ಅದನ್ನು ನಮೂದಿಸಿರುತ್ತಾರೆ.

ಉಳಿಯುವುದು ನಂಬಿಕೆಯ ಪ್ರಶ್ನೆ. ಸೋರ್ಸ್‌ನಿಂದ ಕಟ್ಟುವವರು ಮೂಲ ಸಂಕೇತವನ್ನೂ ತಮ್ಮ ಕಂಪೈಲರನ್ನೂ ನಂಬಿದರೆ ಸಾಕು, ಬೈನರಿ ಪಡೆಯುವವರು ದೂರದ ಯಂತ್ರವೊಂದನ್ನೂ ನಂಬಬೇಕು. ಜೆಂಟೂ ತನ್ನ ಪ್ಯಾಕೇಜುಗಳಿಗೆ ಓಪನ್‌ಪಿಜಿಪಿ ಎಂಬ ಮಾನಕದ ಡಿಜಿಟಲ್ ಸಹಿ ಹಾಕುತ್ತದೆ, ಆ ಸಹಿಯನ್ನು ಪರಿಶೀಲಿಸುವ ಕೀಲಿಗಳನ್ನು ಸಿದ್ಧಪಡಿಸಿಕೊಳ್ಳಲು ಗೆಟುಟೋ ಎಂಬ ಉಪಕರಣವನ್ನೂ ಕೊಟ್ಟಿದೆ. ಇದನ್ನು ಬಳಸಲು ಹೊರಟವರು ಪೋರ್ಟೇಜಿನ ಆಯ್ಕೆಗಳಿರುವ ಮೇಕ್.ಕಾನ್ಫ್ ಕಡತದಲ್ಲಿ ಸಹಿಯನ್ನು ಕಡ್ಡಾಯಗೊಳಿಸುವ ಆಯ್ಕೆಯನ್ನು ಮೊದಲ ದಿನವೇ ಸೇರಿಸಿಕೊಳ್ಳಬೇಕೆಂದು ಒತ್ತಾಯದಿಂದ ಹೇಳುತ್ತೇನೆ. ಅದಿಲ್ಲದಿದ್ದರೆ ಸಹಿಯೇ ಇಲ್ಲದ ಪ್ಯಾಕೇಜು ಕೂಡ ರೂಟ್ ಅಧಿಕಾರದೊಂದಿಗೆ ಯಂತ್ರದೊಳಗೆ ಬಂದುಬಿಡಬಹುದು.