ತಲೆಬುರುಡೆಯ ಉಂಗುರ

ಅಟ್ಟ ಗುಡಿಸುವಾಗ ಮಾವನ ಹಳೇ ಇಂದ್ರಜಾಲ ಕಾಮಿಕ್ಸ್ ಕಟ್ಟು ಸಿಕ್ಕಿತು. 1964ರಲ್ಲಿ ಶುರುವಾದ ಸರಣಿ. ಮೇಲಿನ ಪುಸ್ತಕದ ಅಂಚನ್ನು ಗೆದ್ದಲು ತಿಂದಿದೆ, ಆದರೆ ಮುಖಪುಟದಲ್ಲಿ ಕಳ್ಳರನ್ನು ಸದೆಬಡಿಯುವ ಮುಖವಾಡದ ವೀರ ಫ್ಯಾಂಟಮ್‌ನ ಸೊಂಟಪಟ್ಟಿಯ ತಲೆಬುರುಡೆ ಇನ್ನೂ ಹಾಗೇ ಇದೆ.

ಕರೆಂಟು ಕಂಬದ ಮೇಲೂ ಬುರುಡೆ ಇರುತ್ತೆ ಅಲ್ವಾ, ದೂರ ಇರು ಅಂತ ಹೆದರಿಸೋಕೆ. ಇವನದು ನೋಡಿದರೆ ನನಗೆ ಧೈರ್ಯ ಬರುತ್ತಿತ್ತು. ಅಪ್ಪನನ್ನು ಕೊಂದ ಕಡಲುಗಳ್ಳನ ತಲೆಬುರುಡೆ ಹಿಡಿದೇ ಈ ವಂಶದ ಮೊದಲ ಫ್ಯಾಂಟಮ್ ಕಳ್ಳರ ವಿರುದ್ಧ ಹೋರಾಡುವ ಪ್ರಮಾಣ ಮಾಡಿದ್ದು. ಆಮೇಲೆ ಬುರುಡೆಯ ಗುರುತು ಬಲಗೈ ಉಂಗುರಕ್ಕೂ ಬಂತು. ಬಲಗೈ ಏಟು ಬಿದ್ದರೆ ಕಳ್ಳನ ದವಡೆ ಮೇಲೆ ಅಳಿಸಲಾಗದ ಗುರುತು. ಎಡಗೈ ಉಂಗುರದ್ದು ಬೇರೆ, ಅದು ಕಾಪಾಡುವ ಗುರುತು. ಚಿಕ್ಕಂದಿನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಆ ಎಡಗೈಯೇ.

ಧೂಳು ಒರೆಸಿ, ಅಟ್ಟದಲ್ಲೇ ಕೂತು ಒಂದು ಕಥೆ ಪೂರ್ತಿ ಓದಿದೆ.