ಬುಷ್, ಬ್ಲೇರ್, ಪುಟಿನ್: ಎಲ್ಲರೂ ಒಂದೇ ಎನ್ನುವವರಿಗೆ

2022ರ ಮೇ 18ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಭಾಷಣ ಮಾಡುತ್ತಿದ್ದರು. ರಷ್ಯಾದಲ್ಲಿ ಅಧಿಕಾರಕ್ಕೆ ಅಂಕುಶವೇ ಇಲ್ಲ, ಹಾಗಾಗಿಯೇ ಒಬ್ಬ ಮನುಷ್ಯ ತಾನೇ ತೀರ್ಮಾನಿಸಿ ಯಾವ ಸಮರ್ಥನೆಯೂ ಇಲ್ಲದ ಕ್ರೂರ ಆಕ್ರಮಣ ನಡೆಸಿದ ಎಂಬ ಧಾಟಿಯಲ್ಲಿ ಮಾತು ಸಾಗಿತ್ತು. ಆಕ್ರಮಣ ಯಾವ ದೇಶದ ಮೇಲೆ ಎಂದು ಹೇಳುವಾಗ ಬಾಯಿಂದ ಹೊರಬಿದ್ದ ಹೆಸರು ಉಕ್ರೇನ್ ಅಲ್ಲ, ಇರಾಕ್. ಕೂಡಲೇ ತಿದ್ದಿಕೊಂಡರು. ಇರಾಕ್ ಕೂಡ ಹೌದು ಎನ್ನುವಂತೆ ಏನೋ ಗೊಣಗಿದರು. ಎಪ್ಪತ್ತೈದಾಯಿತಲ್ಲ ಎಂದು ವಯಸ್ಸಿನ ಮೇಲೆ ಹಾಕಿದರು. ಸಭೆ ನಕ್ಕಿತು.

ಆ ವಿಡಿಯೊ ತುಣುಕನ್ನು ನನಗೆ ಕಳಿಸಿದವನು ನನ್ನ ಸೋದರಳಿಯ. ಕೆಳಗೆ ಎರಡು ಸಾಲು: "ಮಾವ, ಕಳ್ಳನೇ ಒಪ್ಪಿಕೊಂಡಾಯಿತು. ಇನ್ನು ಪುಟಿನ್‌ನನ್ನು ಬೈಯುವುದನ್ನು ನಿಲ್ಲಿಸಿ." ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ ವಿದೇಶ ಪುಟ ನೋಡಿಕೊಂಡು ನಿವೃತ್ತನಾದವನು. ಭೂಮಿಯ ಮೇಲೆ ಎಲ್ಲಿ ಬಾಂಬು ಬಿದ್ದರೂ ನಮ್ಮ ಬಳಗದಲ್ಲಿ ಅದಕ್ಕೆ ಉತ್ತರ ಹೇಳಬೇಕಾದವನು ನಾನೇ. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತರೂ ಬಿಡುವುದಿಲ್ಲ. ಪಶ್ಚಿಮದವರು ಪ್ರಜಾಪ್ರಭುತ್ವದ ಹೆಸರು ಹೇಳಿಕೊಂಡು ಮಾಡುವುದನ್ನೇ ಪುಟಿನ್ ಮುಚ್ಚುಮರೆಯಿಲ್ಲದೆ ಮಾಡುತ್ತಾನೆ, ವ್ಯತ್ಯಾಸ ಇಷ್ಟೇ ಎಂಬುದು ಅಳಿಯನ ವಾದ. ಅವನೊಬ್ಬನದೇ ಅಲ್ಲ, ಬೆಳಗಿನ ವಾಯುವಿಹಾರದಲ್ಲಿ ಸಿಗುವ ಹತ್ತು ಜನರಲ್ಲಿ ಎಂಟು ಜನರ ವಾದವೂ ಅದೇ.

ಇದರಲ್ಲಿ ಅರ್ಧ ನಿಜ. ಆ ಅರ್ಧವನ್ನು ನುಂಗಿಕೊಂಡು ಮಾತಾಡುವ ಪಶ್ಚಿಮದ ಪಂಡಿತರನ್ನು ಕಂಡರೆ ನನಗೂ ಆಗುವುದಿಲ್ಲ. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಹೇಳಿ ಬುಷ್ ಮತ್ತು ಬ್ರಿಟನ್ನಿನ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ 2003ರ ಮಾರ್ಚ್‌ನಲ್ಲಿ ಯುದ್ಧಕ್ಕೆ ಇಳಿದರು. ಅಸ್ತ್ರಗಳು ಸಿಗಲಿಲ್ಲ. ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು. ಬುಷ್ ನಿವೃತ್ತರಾಗಿ ಚಿತ್ರ ಬಿಡಿಸುತ್ತ ಕುಳಿತರು. ಬ್ಲೇರ್‌ಗೆ ಬ್ರಿಟನ್ನಿನ ರಾಣಿ 'ಸರ್' ಪದವಿ ಕೊಟ್ಟರು. ಅದನ್ನು ಘೋಷಿಸಿದ್ದು 2021ರ ಡಿಸೆಂಬರ್ ಕೊನೆಯಲ್ಲಿ, ಅಂದರೆ ಉಕ್ರೇನ್ ಮೇಲೆ ರಷ್ಯಾ ಏರಿಹೋಗುವುದಕ್ಕೆ ಎರಡು ತಿಂಗಳೂ ಇಲ್ಲದಿದ್ದಾಗ. ಬಾಗ್ದಾದಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ, ಬಾಂಬು ಹಾಕಿದವನು ಬಹುಮತದಿಂದ ಗೆದ್ದು ಬಂದವನು ಎಂಬುದರಿಂದ ಆಗಬೇಕಾದ್ದೇನೂ ಇಲ್ಲ.

ನಮ್ಮ ದೇಶದವರಿಗಂತೂ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹಿಟ್ಲರನನ್ನು ಎದುರಿಸಿ ಪ್ರಜಾಪ್ರಭುತ್ವವನ್ನು ಉಳಿಸಿದ ಮಹಾಪುರುಷ ಎಂದು ಇಂಗ್ಲೆಂಡಿನಲ್ಲಿ ಮೆರೆಯುವ ಚರ್ಚಿಲ್, 1943ರಲ್ಲಿ ಬಂಗಾಳದಲ್ಲಿ ಜನ ಹುಳಗಳಂತೆ ಸಾಯುತ್ತಿದ್ದಾಗ ಧಾನ್ಯ ತರಲು ಹಡಗು ಬಿಡುವುದಕ್ಕೆ ಹಿಂದೆಮುಂದೆ ನೋಡಿದ ಮನುಷ್ಯ. ಸತ್ತವರು ಮೂವತ್ತು ಲಕ್ಷದಷ್ಟು ಎಂಬ ಅಂದಾಜಿದೆ. ಚರ್ಚಿಲ್ 1945ರ ಚುನಾವಣೆಯಲ್ಲಿ ಸೋತರು ನಿಜ, ಆದರೆ ಬಂಗಾಳಕ್ಕಾಗಿ ಸೋಲಲಿಲ್ಲ. ಮೇದಿನೀಪುರದ ರೈತನಿಗೆ ಅವರನ್ನು ಸೋಲಿಸುವ ಮತವೇ ಇರಲಿಲ್ಲ. ಪಶ್ಚಿಮದ ಪ್ರಜಾಪ್ರಭುತ್ವದ ನಾಯಕ ಎಲ್ಲಿಂದ ಅಪಾಯಕಾರಿಯಾಗುತ್ತಾನೆ ಎಂದು ಕೇಳಿದರೆ ನನ್ನ ಉತ್ತರ ಇದು: ಅವನಿಗೆ ಮತ ಹಾಕುವವರ ಊರಿನ ಗಡಿ ದಾಟಿದ ಕೂಡಲೇ. ಗಡಿಯೊಳಗೆ ಮೆತ್ತಗಿರುವ ಕೈ ಹೊರಗೆ ಬಲು ಗಡುಸು.

ಸರ್ವಾಧಿಕಾರಿಗೆ ಈ ಒಳಗೆ ಹೊರಗೆ ಎಂಬ ಗೆರೆಯೇ ಇಲ್ಲ. ಪುಟಿನ್ ಮೊದಲು ನೆಲಸಮ ಮಾಡಿದ್ದು ಉಕ್ರೇನಿನ ಊರನ್ನಲ್ಲ. 1999–2000ರಲ್ಲಿ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯನ್ನು, ಕಾನೂನಿನ ಪ್ರಕಾರ ರಷ್ಯಾದ್ದೇ ಆದ ನಗರವನ್ನು, ಅದೂ ತನ್ನದೇ ಪ್ರಜೆಗಳು ನೆಲಮಾಳಿಗೆಯಲ್ಲಿ ಅಡಗಿರುವಾಗ.

ಇಲ್ಲಿ ಅಳಿಯ ಅಡ್ಡ ಬರುತ್ತಾನೆ: "ಹಾಗಾದರೆ ಇಬ್ಬರೂ ಕೊಲ್ಲುವವರೇ ತಾನೇ?" ಹೌದು. ಆದರೆ ಕೊಲ್ಲುವ ಮೊದಲು ಮತ್ತು ಕೊಂದ ಮೇಲೆ ಎರಡೂ ಕಡೆ ಏನೇನು ನಡೆಯಿತು ಎಂಬುದನ್ನು ನೋಡದೆ ತಕ್ಕಡಿ ಹಿಡಿಯಬಾರದು.

2003ರ ಮಾರ್ಚ್ 17ರ ರಾತ್ರಿ ಬ್ರಿಟನ್ನಿನ ಸಚಿವ ಸಂಪುಟದಲ್ಲಿದ್ದ ರಾಬಿನ್ ಕುಕ್, ಈ ಯುದ್ಧಕ್ಕೆ ನನ್ನ ಬೆಂಬಲವಿಲ್ಲ ಎಂದು ರಾಜೀನಾಮೆ ಕೊಟ್ಟು ಸಂಸತ್ತಿನಲ್ಲಿ ಎದ್ದು ನಿಂತರು. ಅಲ್ಲಿ ರಾತ್ರಿ ಹತ್ತೆಂದರೆ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ಅಷ್ಟು ಹೊತ್ತಿಗೆ ಪತ್ರಿಕೆಯ ಕಟ್ಟುಗಳು ವ್ಯಾನ್ ಏರಿರುತ್ತವೆ. ಹಾಗಾಗಿ ಆ ಸುದ್ದಿ ನನ್ನ ಪುಟಕ್ಕೆ ಬಂದದ್ದು ಮರುದಿನದ ಪಾಳಿಯಲ್ಲಿ. ಏಜೆನ್ಸಿ ಕಳಿಸಿದ ಪ್ರತಿಯನ್ನು ನಾನು ಕೆಲಸ ಬಿಟ್ಟು ಓದಿದೆ. ಇರಾಕಿನ ಸರ್ವಾಧಿಕಾರಿ ಸದ್ದಾಂ ಬಳಿ ಹೇಳಿಕೊಳ್ಳುವಂಥ ಸಾಮೂಹಿಕ ವಿನಾಶದ ಅಸ್ತ್ರಗಳು ಬಹುಶಃ ಇಲ್ಲ ಎಂದು, ತಾನು ಹಿಂದೆ ವಿದೇಶಾಂಗ ಸಚಿವನಾಗಿದ್ದ ಸರ್ಕಾರದ ಮುಖದ ಮೇಲೆಯೇ ಹೇಳಿದ್ದರು ಕುಕ್. ಮಾತು ಮುಗಿದಾಗ ಸದಸ್ಯರು ಚಪ್ಪಾಳೆ ತಟ್ಟಿದರು. ಆ ಸದನದಲ್ಲಿ ಚಪ್ಪಾಳೆ ಸಂಪ್ರದಾಯವೇ ಅಲ್ಲ. ಮರುದಿನ ಯುದ್ಧಕ್ಕೆ ವಿರುದ್ಧವಾದ ತಿದ್ದುಪಡಿಯ ಪರ ಮತ ಹಾಕಿ ಬ್ಲೇರ್‌ನ ಸ್ವಂತ ಪಕ್ಷದ 139 ಸಂಸದರು ತಿರುಗಿಬಿದ್ದರು. ಆದರೂ ಕೊನೆಯ ಮತದಾನದಲ್ಲಿ ಬ್ಲೇರ್ ಗೆದ್ದರು, 412ಕ್ಕೆ 149. ಯುದ್ಧ ನಿಲ್ಲಲಿಲ್ಲ. ಅಂದರೆ ತಡೆ ಕೆಲಸ ಮಾಡಲಿಲ್ಲ. ಇದನ್ನು ಮುಚ್ಚಿಡುವುದು ನನಗೆ ಬೇಕಿಲ್ಲ.

ಆದರೆ ಕುಕ್ ಅಂದು ರಾತ್ರಿ ಎಲ್ಲಿ ಮಲಗಿದರು? ತಮ್ಮ ಮನೆಯಲ್ಲಿ. ಮರುದಿನವೂ ಅವರು ಸಂಸದರೇ. ಆ 139 ಜನರ ಮನೆಗೂ ಯಾರೂ ಬೆಳಗಿನ ಜಾವ ಬಂದು ಬಾಗಿಲು ಬಡಿಯಲಿಲ್ಲ. ಮುಂದೆ ಇರಾಕ್ ಯುದ್ಧದ ಬಗ್ಗೆ ಸರ್ಕಾರವೇ ಚಿಲ್ಕಾಟ್ ವಿಚಾರಣೆಯನ್ನು ನೇಮಿಸಬೇಕಾಯಿತು. 2016ರ ಜುಲೈನಲ್ಲಿ ಬಂದ ಅದರ ವರದಿ 12 ಸಂಪುಟಗಳದ್ದು. 2002ರ ಜುಲೈನಲ್ಲಿ, ಅಂದರೆ ಸಂಸತ್ತು ಮತ ಹಾಕುವುದಕ್ಕೆ ಎಂಟು ತಿಂಗಳು ಮೊದಲೇ, ಏನೇ ಆಗಲಿ ನಿಮ್ಮ ಜೊತೆ ಇರುತ್ತೇನೆ ಎಂದು ಬ್ಲೇರ್ ಬುಷ್‌ಗೆ ಬರೆದ ಗುಪ್ತ ಪತ್ರವೂ ಅದರ ಜೊತೆ ಹೊರಬಂತು. ಬ್ಲೇರ್ ಮೇಲೆ ಇವತ್ತು ನಾವು ಹೊರಿಸುವ ಆರೋಪಗಳಲ್ಲಿ ಮುಕ್ಕಾಲು ಪಾಲಿಗೆ ಪುರಾವೆ ಒದಗಿಸಿದ್ದು ಅವರದೇ ದೇಶ. ಅಳಿಯನ ವಾದಕ್ಕೆ ಬೇಕಾದ ಮದ್ದುಗುಂಡನ್ನೂ ಲಂಡನ್ ಮತ್ತು ವಾಷಿಂಗ್ಟನ್ನಿನವರೇ ಅಚ್ಚು ಹಾಕಿ ಕೊಟ್ಟಿದ್ದಾರೆ. ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ಅದು ನನ್ನ ಹೊಟ್ಟೆಯುರಿ, ಇರಲಿ.

ಈಗ ಮಾಸ್ಕೋಗೆ ಬನ್ನಿ. 2022ರ ಫೆಬ್ರುವರಿ 21. ಕ್ರೆಮ್ಲಿನ್‌ನ ಬಿಳಿ ಕಂಬಗಳ ದೊಡ್ಡ ಸಭಾಂಗಣ. ಒಂದು ತುದಿಯಲ್ಲಿ ಪುಟಿನ್ ಒಬ್ಬರೇ ಮೇಜಿನ ಹಿಂದೆ. ಮಾರುದೂರದಲ್ಲಿ ಅರ್ಧಚಂದ್ರಾಕಾರವಾಗಿ ಕುರ್ಚಿ ಹಾಕಿ ಭದ್ರತಾ ಮಂಡಳಿಯ ಸದಸ್ಯರನ್ನು ಕೂರಿಸಿದ್ದಾರೆ. ಉಕ್ರೇನಿನ ಎರಡು ತುಂಡು ಪ್ರದೇಶಗಳನ್ನು ಸ್ವತಂತ್ರ ರಾಷ್ಟ್ರಗಳೆಂದು ಮಾನ್ಯ ಮಾಡಬೇಕೇ ಎಂಬ ಬಗ್ಗೆ ಒಬ್ಬೊಬ್ಬರೇ ಎದ್ದು ಅಭಿಪ್ರಾಯ ಹೇಳಬೇಕು, ಟಿವಿ ಕ್ಯಾಮೆರಾಗಳ ಎದುರು. ವಿದೇಶಿ ಬೇಹುಗಾರಿಕೆಯ ಮುಖ್ಯಸ್ಥ ಸೆರ್ಗೇಯ್ ನರಿಶ್ಕಿನ್ ಸರದಿ ಬಂತು. ಜಗತ್ತಿನ ಗುಟ್ಟುಗಳನ್ನೆಲ್ಲ ಬಲ್ಲ ಆಸಾಮಿ. ಮೈಕಿನ ಮುಂದೆ ತೊದಲತೊಡಗಿದರು. ಬೆಂಬಲಿಸುತ್ತೇನೆ ಎಂಬುದನ್ನು ಮುಂದೆಂದೋ ಮಾಡುವ ಕೆಲಸದಂತೆ ಹೇಳಿದರು. ಮುಂದೆ ಬೆಂಬಲಿಸುತ್ತೀರೋ, ಈಗ ಬೆಂಬಲಿಸುತ್ತೀರೋ, ನೇರವಾಗಿ ಹೇಳಿ ಎಂದು ಪುಟಿನ್ ಕುಟುಕಿದರು. ಗಾಬರಿಯಾದ ಮನುಷ್ಯ, ಆ ಪ್ರದೇಶಗಳನ್ನು ರಷ್ಯಾಕ್ಕೆ ಸೇರಿಸಿಕೊಳ್ಳುವುದಕ್ಕೆ ನನ್ನ ಬೆಂಬಲವಿದೆ ಎಂದುಬಿಟ್ಟರು. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ ಎಂದು ಪುಟಿನ್ ತುಟಿಯಂಚಿನಲ್ಲಿ ನಕ್ಕರು. ಮೇಷ್ಟರ ಮುಂದೆ ಮಗ್ಗಿ ಮರೆತ ಹುಡುಗನ ಪಾಡು.

ನನಗೆ ಆ ದೃಶ್ಯ ನೋಡಿ ನಗು ಬಂತು, ಆಮೇಲೆ ಹೆದರಿಕೆಯಾಯಿತು. ನಿಜ ಸುದ್ದಿ ತಿಳಿಸುವುದೇ ಕೆಲಸವಾಗಿರುವ ಅಧಿಕಾರಿ ಇವನು. 'ಸ್ವಾಮಿ, ಕೀವ್ ಅಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ' ಎಂದು ಆ ಅರ್ಧಚಂದ್ರದಲ್ಲಿ ಕುಳಿತವರಲ್ಲಿ ಯಾರು ಹೇಳಿಯಾರು? ಮೂರೇ ದಿನಕ್ಕೆ ಸೇನೆ ನುಗ್ಗಿತು. ಮಾರ್ಚ್ ಮುಗಿಯುವ ಹೊತ್ತಿಗೆ ಕೀವ್ ಸುತ್ತಮುತ್ತಲಿನಿಂದ ವಾಪಸು ಹೊರಟಿತು. ಆದರೆ ಯುದ್ಧ ನಿಲ್ಲಲಿಲ್ಲ. ಲೆಕ್ಕ ತಪ್ಪಿತು ಎಂದು ಒಪ್ಪಿಕೊಳ್ಳುವ ದಾರಿಯನ್ನು ಸರ್ವಾಧಿಕಾರಿ ತನಗೇ ಮುಚ್ಚಿಕೊಂಡಿರುತ್ತಾನೆ. ಮಾವೋ ಕಾಲದ ಚೀನಾದಲ್ಲೂ ನಡೆದದ್ದು ಇದೇ. 1959ರಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಲುಶಾನ್ ಸಭೆಯ ಹೊತ್ತಿಗೆ, ಕೃಷಿ, ಕೈಗಾರಿಕೆಯನ್ನು ಒಮ್ಮೆಗೇ ಮೇಲೆತ್ತುವ ಮಾವೋನ 'ಮಹಾ ಜಿಗಿತ' ಯೋಜನೆ ಹಳಿ ತಪ್ಪಿದೆ ಎಂದು ಮಾವೋಗೆ ಕಾಗದ ಬರೆದರು. ಪೆಂಗ್ ಅವರ ಪದವಿ ಹೋಯಿತು, ಜಿಗಿತ ಮುಂದುವರಿಯಿತು, ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಬಂಗಾಳದ ಬರದ ಸಮಯದಲ್ಲಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್'ನ ಬ್ರಿಟಿಷ್ ಸಂಪಾದಕ ಸೆನ್ಸಾರ್ ಕಣ್ಣು ತಪ್ಪಿಸಿ ಹೆಣಗಳ ಛಾಯಾಚಿತ್ರಗಳನ್ನಾದರೂ ಅಚ್ಚು ಹಾಕಿದ್ದರು. ಚೀನಾದ ಬರಕ್ಕೆ ಆ ಛಾಯಾಚಿತ್ರವೂ ಇಲ್ಲ.

ಕುಕ್‌ಗೆ ಎದುರಾಗಿ ರಷ್ಯಾದಿಂದ ಒಬ್ಬರನ್ನು ನಿಲ್ಲಿಸಬೇಕೆಂದರೆ ನಾನು ಅಲೆಕ್ಸೇಯ್ ಗೊರಿನೊವ್ ಅವರನ್ನು ನಿಲ್ಲಿಸುತ್ತೇನೆ. ಸಚಿವರಲ್ಲ, ಸಂಸದರೂ ಅಲ್ಲ. ಮಾಸ್ಕೋದ ಕ್ರಾಸ್ನೊಸೆಲ್ಸ್ಕಿ ಬಡಾವಣೆಯ ಕೌನ್ಸಿಲರ್, ನಮ್ಮ ಲೆಕ್ಕದಲ್ಲಿ ಒಬ್ಬ ವಾರ್ಡ್ ಸದಸ್ಯ. 2022ರ ಮಾರ್ಚ್‌ನಲ್ಲಿ ಕೌನ್ಸಿಲ್ ಸಭೆ ಸೇರಿತ್ತು. ವಿಷಯ ಪಟ್ಟಿಯಲ್ಲಿ ಇದ್ದದ್ದು ಮಕ್ಕಳ ಚಿತ್ರಕಲಾ ಸ್ಪರ್ಧೆ. ಪಕ್ಕದ ದೇಶದಲ್ಲಿ ದಿನವೂ ಮಕ್ಕಳು ಸಾಯುತ್ತಿರುವಾಗ ನಾವು ಇಲ್ಲಿ ಮಕ್ಕಳ ಸ್ಪರ್ಧೆ ಹೇಗೆ ನಡೆಸುವುದು, ಮೊದಲು ಯುದ್ಧ ನಿಲ್ಲಬೇಕು ಎಂದರು ಗೊರಿನೊವ್. ಸಂಸತ್ತನ್ನು ಅಲುಗಾಡಿಸುವ ಭಾಷಣವಲ್ಲ, ಬಡಾವಣೆಯ ಸಭೆಯೊಂದರಲ್ಲಿ ಆಡಿದ ನಾಲ್ಕು ಮಾತು. ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ 15 ವರ್ಷಗಳವರೆಗೆ ಜೈಲು ಎಂಬ ಕಾನೂನು ಅದೇ ತಿಂಗಳ 4ರಂದು ಬಂದಿತ್ತು. ಏಪ್ರಿಲ್‌ನಲ್ಲಿ ಬಂಧನವಾಯಿತು. ಜುಲೈ 8ರಂದು ಏಳು ವರ್ಷ ಶಿಕ್ಷೆಯಾಯಿತು. ನ್ಯಾಯಾಲಯದ ಗಾಜಿನ ಪೆಟ್ಟಿಗೆಯೊಳಗಿಂದ ಅವರು ಒಂದು ಕಾಗದ ಎತ್ತಿ ಹಿಡಿದರು, ನಿಮಗೆ ಈ ಯುದ್ಧ ಇನ್ನೂ ಬೇಕೇ ಎಂದು ಬರೆದದ್ದು. ಜೈಲಿನಲ್ಲಿದ್ದಾಗಲೇ ಇನ್ನೊಂದು ಮೊಕದ್ದಮೆ ಹೂಡಿ 2024ರಲ್ಲಿ ಮತ್ತೆ ಶಿಕ್ಷೆ ವಿಧಿಸಿದರು. ಡಲ್ಲಾಸ್‌ನಲ್ಲಿ ಬುಷ್ ಬಾಯಿತಪ್ಪಿ ಆಡಿದ ಮಾತಿಗೆ ಸಭಿಕರು ನಕ್ಕಾಗ, ಬಾಯಿತಪ್ಪದೆ ನೇರವಾಗಿ ಅದನ್ನೇ ಹೇಳಿದ್ದ ಗೊರಿನೊವ್ ಸೆರೆಯಲ್ಲಿದ್ದರು.

ತಡೆ ಇದ್ದಲ್ಲೆಲ್ಲ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. 2013ರ ಆಗಸ್ಟ್‌ನಲ್ಲಿ ಡಮಾಸ್ಕಸ್ ಹೊರವಲಯದ ಘೂಟಾದಲ್ಲಿ ವಿಷಾನಿಲದಿಂದ ಜನ ಸತ್ತಾಗ ಸಿರಿಯಾದ ಮೇಲೆ ದಾಳಿ ಮಾಡಲು ಆಗಿನ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನ ಒಪ್ಪಿಗೆ ಕೇಳಿದರು. 285ಕ್ಕೆ 272, ಹದಿಮೂರು ಮತಗಳಿಂದ ಸೋತರು. ಜನರ ಮಾತು ಅರ್ಥವಾಯಿತು ಎಂದು ಹೇಳಿ ಕುಳಿತುಕೊಂಡರು. ಇರಾಕಿನ ಪಾಠ ಅಲ್ಲಿ ಕೆಲಸ ಮಾಡಿತ್ತು. ಅದು ಸಿರಿಯಾದ ಜನರಿಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಎರಡು ವರ್ಷಗಳ ಮೇಲೆ ಅಲ್ಲಿಗೆ ಹೋದ ಪುಟಿನ್‌ರ ವಿಮಾನಗಳನ್ನು ತಡೆಯಲು ಮಾತ್ರ ಮಾಸ್ಕೋದಲ್ಲಿ ಯಾರಿಗೂ ಹದಿಮೂರು ಮತ ಹೊಂದಿಸುವ ಅವಕಾಶವಿರಲಿಲ್ಲ.

ಅವಧಿಯ ಮಾತೂ ಇದೆ. ಬುಷ್‌ಗೆ ಎಂಟು ವರ್ಷ, ಬ್ಲೇರ್‌ಗೆ ಹತ್ತು. ಪುಟಿನ್ 1999ರ ಕೊನೆಯ ದಿನ ಅಧ್ಯಕ್ಷರ ಕುರ್ಚಿಗೆ ಬಂದರು, ನಡುವೆ ನಾಲ್ಕು ವರ್ಷ ಪ್ರಧಾನಿಯ ಕುರ್ಚಿಯಲ್ಲಿ ಕುಳಿತು ಮತ್ತೆ ಬಂದರು. 2020ರಲ್ಲಿ ಸಂವಿಧಾನವನ್ನೇ ತಿದ್ದಿ 2036ರವರೆಗೆ ದಾರಿ ಮಾಡಿಕೊಂಡರು. ಅವರ ಹಳೆಯ ಅವಧಿಗಳ ಲೆಕ್ಕವನ್ನು ಸೊನ್ನೆ ಮಾಡೋಣ ಎಂಬ ಸಲಹೆಯನ್ನು ಸಂಸತ್ತಿನಲ್ಲಿ ಯಾರಿಂದ ಮಾಡಿಸಿದರು ಗೊತ್ತೇ? ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂಟಿನಾ ತೆರೆಶ್ಕೋವಾ ಅವರಿಂದ. ನಾನು ಶಾಲೆಯಲ್ಲಿ ಅವರ ಹೆಸರನ್ನು ಉರು ಹೊಡೆದಿದ್ದೆ.

ಈ ಯುದ್ಧದ ಬೆಂಕಿ ನಮ್ಮವರನ್ನೂ ಸುಟ್ಟಿದೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಆ ವಾರವೂ ನಮ್ಮ ವಾಯುವಿಹಾರದ ಗುಂಪಿನಲ್ಲಿ, ಪುಟಿನ್ ಗಟ್ಟಿ ಮನುಷ್ಯ, ನಮಗೂ ಅಂಥವನೊಬ್ಬ ಐದು ವರ್ಷ ಬಂದರೆ ದೇಶ ನೆಟ್ಟಗಾಗುತ್ತದೆ ಎಂದವರಿದ್ದರು. ಐದು ವರ್ಷ ಬೇಡ. ತುರ್ತು ಪರಿಸ್ಥಿತಿ ಇದ್ದದ್ದು ಇಪ್ಪತ್ತೊಂದೇ ತಿಂಗಳು. ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ಕಳೆದದ್ದು ಅದರಲ್ಲಿ ಎಂಟು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವು ಎಂದು ಈಗಲೂ ಹೇಳುವವರಿಗೆ ನಾನು ಈ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಅಳಿಯ ಈಚೆಗೆ ವಾದ ಬದಲಿಸಿದ್ದಾನೆ. "ಟ್ರಂಪ್ ಬಗ್ಗೆ ಏನು ಹೇಳುತ್ತೀರಿ ಮಾವ? ಅವನೂ ಗೆದ್ದು ಬಂದವನೇ ಅಲ್ಲವೇ?" ಇದು ಸರಿಯಾದ ಪ್ರಶ್ನೆ, ಬುಷ್ ಪ್ರಶ್ನೆಗಿಂತ ಗಟ್ಟಿಯಾದದ್ದು. ಅಧ್ಯಕ್ಷ ಚುನಾವಣೆಯಲ್ಲಿ ಸೋತ ಮೇಲೆ, 2021ರ ಜನವರಿ 2ರಂದು ಟ್ರಂಪ್ ಜಾರ್ಜಿಯಾ ರಾಜ್ಯದ ಚುನಾವಣಾ ಮುಖ್ಯಸ್ಥ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ 11,780 ಮತ ಹುಡುಕಿಕೊಡಬೇಕು ಎಂದರು. ಆತ ಟ್ರಂಪ್ ಪಕ್ಷದವರೇ. ಆಗುವುದಿಲ್ಲ ಎಂದರು. ಮರುವರ್ಷ ಅದೇ ಹುದ್ದೆಗೆ ಮತ್ತೆ ಗೆದ್ದರು. ಅಲ್ಲಿಯವರೆಗೆ ಯಂತ್ರ ಸರಿಯಾಗಿಯೇ ಇತ್ತು. ಆದರೆ 2025ರ ಜನವರಿ 20ರಂದು ಮರಳಿ ಕುರ್ಚಿಗೆ ಬಂದ ದಿನವೇ ಟ್ರಂಪ್, 2021ರ ಜನವರಿಯಲ್ಲಿ ತನ್ನ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣದ ಸುಮಾರು 1,500 ಜನರಿಗೆ ಕ್ಷಮೆ ನೀಡಿದರು. ಆಗುವುದಿಲ್ಲ ಎಂದವನಿಗೆ ಏನಾಗುತ್ತದೆ ಎಂಬುದನ್ನಷ್ಟೇ ನಾನು ಈಗ ಅಲ್ಲಿಯ ಸುದ್ದಿಗಳಲ್ಲಿ ಹುಡುಕುತ್ತೇನೆ. ಭಾಷಣಗಳನ್ನು ಓದುವುದನ್ನು ಬಿಟ್ಟಿದ್ದೇನೆ. ಅಮೆರಿಕವನ್ನು ಯಾವ ಕಡೆಗೆ ಸೇರಿಸುತ್ತೀರಿ ಎಂದು ಅಳಿಯ ಒತ್ತಾಯಿಸಿದಾಗ, ಅಲ್ಲಿ ನಡೆಯುವ ಇನ್ನೊಂದೆರಡು ಚುನಾವಣೆಗಳವರೆಗೆ ಕಾಯಿ ಎಂದಿದ್ದೇನೆ. ಅವನಿಗೆ ಸಮಾಧಾನವಾಗಿಲ್ಲ.